ಹತ್ತು ತೇತ್ರಿ

ನಮ್ಮ ಕಟ್ಟಡದ ಲಿಫ್ಟು ಪುಕ್ಕಟೆ ಏರುವುದಿಲ್ಲ.
ಒಳಗೋಡೆಗೆ ಬಡಿದ ತಗಡಿನ ಡಬ್ಬಿ, ಅದಕ್ಕೊಂದು ಸೀಳುಬಾಯಿ,
ಹತ್ತು ತೇತ್ರಿಯ ಬಿಲ್ಲೆ ನುಂಗಿದ ಮೇಲೆಯೇ
ಮುದಿ ಎತ್ತಿನ ಹಾಗೆ ನಿಟ್ಟುಸಿರಿಟ್ಟು
ಮೇಲಕ್ಕೆ ಹೊರಡುತ್ತದೆ.
ಇಳಿಯುವುದಕ್ಕೆ ಕಾಸಿಲ್ಲ. ಟಿಬಿಲಿಸಿಯಲ್ಲಿ
ಇಳಿಯುವುದು ಯಾವತ್ತೂ ಸಲೀಸು.

ನಾನು ಒಂಬತ್ತನೆಯ ಮಹಡಿಯವಳು,
ಆಸ್ಪತ್ರೆಯ ಬಟ್ಟೆ ಒಗೆವ ಕೋಣೆಯಲ್ಲಿ ರಾತ್ರಿಪಾಳಿ.
ಬೆಳಗ್ಗೆ ಏಳಕ್ಕೆ ಬಂದು ನಿಂತಾಗ
ಕೈಗೆ ಸೋಡದ ವಾಸನೆ, ಕಂಕುಳಲ್ಲಿ ಬಿಸಿ ರೊಟ್ಟಿ.
ಚೀಲ ತಡಕಿದರೆ
ಗುಂಡಿ, ಸೂಜಿ, ಬೀಗದ ಕೈ, ಹಳೇ ಬಸ್ಸಿನ ಚೀಟಿ,
ಬೇಕಾದ್ದೊಂದು ಬಿಟ್ಟು ಮಿಕ್ಕೆಲ್ಲ.

ಅಂಥದೊಂದು ಬೆಳಗ್ಗೆ ಕಂಡೆ
ಡಬ್ಬಿಯ ನೆತ್ತಿಯ ಮೇಲೆ ಒಂದು ಬಿಲ್ಲೆ.
ಯಾರೋ ಮರೆತದ್ದಲ್ಲ, ಇಟ್ಟದ್ದು.
ಮರೆತದ್ದು ಅಂಚಿಗಿರುತ್ತದೆ,
ಇಟ್ಟದ್ದು ನಟ್ಟನಡುವೆ.

ಮರುದಿನವೂ ಇತ್ತು. ಅದರ ಮರುದಿನವೂ.
ನಾಕು ದಿನ ನಾಚಿದೆ, ಐದನೆಯ ದಿನ ರೂಢಿಯಾಯಿತು.
ಮಂಡಿನೋವಿನೆದುರು ನಾಚಿಕೆ ಎಷ್ಟು ಹೊತ್ತು ನಿಂತೀತು?
ಏರುತ್ತ ಏರುತ್ತ ಯೋಚಿಸುತ್ತಿದ್ದೆ, ಯಾರ ಕೈಯಿದು?
ಮೂರನೆಯ ಮಹಡಿಯ ಜುಜುನಾ?
ಅವಳು ಉಪ್ಪು ಕಡ ಕೊಟ್ಟರೂ ಹರಳೆಣಿಸಿ ಕೊಡುವವಳು.
ದೇವರೆ?
ಆತನಿಗೆ ಚಿಲ್ಲರೆಯ ಅಭ್ಯಾಸವಿಲ್ಲ.

ಹೀಗೆ ಎರಡು ಚಳಿಗಾಲ
ಹೆಸರಿಲ್ಲದ ಅಂಗೈ ಮೇಲೆ ಕೂತು ಮನೆ ಸೇರಿದೆ.

ತಿಳಿದದ್ದು ಅಂಗಳದ ಬೆಂಚಿನ ಮೇಲೆ,
ಹೊಸ ವರ್ಷದ ಸಿಹಿಗೆ ಅಕ್ರೋಟು ಒಡೆಯುತ್ತ ಕೂತಿದ್ದಾಗ.
ಜುಜುನಾ ಅಂದಳು, ಬಾಯಿತುಂಬ ಬೀಜ:
"ಗಡಿಯಾರದ ಓತಿಯಾ ಇದಾನಲ್ಲ, ಆರನೇ ಮಹಡಿ,
ಸಂಜೆ ಮೆಟ್ಟಿಲು ಹತ್ತಿಯೇ ಮನೆಗೆ ಬರ್ತಾನೆ ಪುಣ್ಯಾತ್ಮ.
ಹಾಗೆ ಉಳಿಸಿದ ಕಾಸನ್ನ ಬೆಳಗ್ಗೆ ಡಬ್ಬಿ ಮೇಲೆ ಇಟ್ಟುಹೋಗ್ತಾನೆ,
ಹನ್ನೊಂದನೇ ಮಹಡಿ ಹುಡುಗ ಉಚಾಗೆ.
ನೀರು ಅಷ್ಟೆತ್ತರ ಏರೋದಿಲ್ಲ ನೋಡು,
ಆ ಮಗು ಎರಡು ಕ್ಯಾನು ಹೊರಬೇಕು."

ಅಕ್ರೋಟಿನ ಚಿಪ್ಪು ಕೈಯಲ್ಲೇ ಉಳಿಯಿತು.

ಎರಡು ಚಳಿಗಾಲ. ಎರಡು ಕ್ಯಾನು. ಹನ್ನೊಂದು ಮಹಡಿ.
ಲೆಕ್ಕ ಹಾಕಲು ಹೋಗಿ ಮಧ್ಯದಲ್ಲೇ ಬಿಟ್ಟೆ.

ಹುಡುಗನನ್ನು ಮೆಟ್ಟಿಲಲ್ಲೇ ಹಿಡಿದೆ, ಎಲ್ಲ ಹೇಳಿದೆ.
ಕ್ಯಾನು ಕೆಳಗಿಟ್ಟು, ಕೆಂಪಾದ ಬೆರಳು ಮಡಿಸಿ ಬಿಡಿಸಿ,
"ಕಾಸು ಇಲ್ಲದ ದಿನ" ಎಂದ,
"ನನಗಿಂತ ದಣಿದವರು ಯಾರೋ ಬಂದಿರಬೇಕು ಅಂದುಕೊಳ್ತಿದ್ದೆ."
ಹದಿಮೂರು ವರ್ಷ ಅವನಿಗೆ. ಮೂಗು ಸೋರುತ್ತಿತ್ತು.

ಓತಿಯಾನ ಗೂಡಂಗಡಿಗೂ ಹೋದೆ, ಮೆಟ್ರೋ ಪಕ್ಕ.
ನಿಂತ ಗಡಿಯಾರವೊಂದು ನೆಪಕ್ಕೆ ಬೇಕಿತ್ತು, ಒಯ್ದೆ.
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ತಿರುಗಿಸಿ ನೋಡಿ,
"ಕೆಟ್ಟಿಲ್ಲಮ್ಮ, ಕೀಲಿ ಕೊಟ್ಟಿಲ್ಲ ಅಷ್ಟೆ. ದುಡ್ಡು ಬೇಡ."
"ಮಾದ್ಲೋಬ" ಅಂದೆ.
ನಮ್ಮಲ್ಲಿ ಉಪಕಾರಕ್ಕೆ ಹೇಳುವ ಮಾತು ಅದು.
ಎರಡು ಚಳಿಗಾಲದ್ದನ್ನು ಒಂದೇ ಉಸಿರಿಗೆ ಹೇಳಿದೆ;
ಅವನಿಗೆ ಕೇಳಿಸಿದ್ದು
ಒಂದು ಕೀಲಿಯಷ್ಟು.

ಋಣ ಹೀಗೂ ಇರುತ್ತದೆ:
ತೀರಿಸಲು ಹೋದರೆ ಬಾಗಿಲಲ್ಲೇ ನಕ್ಕು
ಇನ್ನಷ್ಟು ಕೊಟ್ಟು ಕಳಿಸುತ್ತದೆ.

ಮರುದಿನ ಬೆಳಗ್ಗೆ ಬಿಲ್ಲೆ ಮುಟ್ಟಲಿಲ್ಲ.
ಕೆಳಮೆಟ್ಟಿಲ ಮೇಲೆ ಕೂತೆ, ರೊಟ್ಟಿ ತೊಡೆಯ ಮೇಲೆ.
ಹತ್ತು ನಿಮಿಷಕ್ಕೆ ಬಂದ ಉಚಾ, ನೀರು ತುಳುಕಿಸುತ್ತ.
ಒಂದು ಕ್ಯಾನು ನಾನು ಹಿಡಿದೆ, ಇನ್ನೊಂದು ಅವನು.
ಬಿಲ್ಲೆ ಅವನೇ ಹಾಕಿದ. ಲಿಫ್ಟು ನಿಟ್ಟುಸಿರಿಟ್ಟಿತು,
ಹೊರಟಿತು,
ಇಬ್ಬರನ್ನೂ ಹೊತ್ತು, ನೀರನ್ನೂ ಹೊತ್ತು,
ಒಂದೇ ಕಾಸಿಗೆ.

ನಾಲ್ಕನೆಯ ಮಹಡಿ ದಾಟುವಾಗ ಹೊಳೆಯಿತು ನನಗೆ:
ಅದು ಯಾವತ್ತೂ ಇಬ್ಬರನ್ನು ಹೊರುತ್ತಿತ್ತು.
ಹತ್ತು ನಿಮಿಷ ಕಾಯುವವರು
ಬೇಕಿತ್ತು, ಅಷ್ಟೆ.

ಉಚಾ ರೊಟ್ಟಿಯ ಕಡೆ ನೋಡುತ್ತಿದ್ದ.
ಮೂಲೆ ಮುರಿದು ಕೊಟ್ಟೆ.
ಗರಿಗರಿಯಾದ ಮೂಲೆ,
ನನಗೆ ತುಂಬ ಇಷ್ಟವಾದದ್ದು.