ಸ್ವರ ಬಿದ್ದಲ್ಲಿ

ಜೂನ್ ಬಂತೆಂದರೆ ತದಡಿಯ ದಕ್ಕೆಯಲ್ಲಿ
ದೋಣಿಗಳು ಮೇಲೇರಿ ಹೊಟ್ಟೆ ತೋರಿಸಿ ಒರಗುತ್ತವೆ,
ಮದ್ದು ಕುಡಿಯಲೊಲ್ಲದ ಎಮ್ಮೆಗಳ ಹಾಗೆ.
ಆಗ ದೊಡ್ಡಪ್ಪನಿಗೆ ಕರೆ.

ಜೈವಂತ ಮೇಸ್ತ. ಕೈಯಲ್ಲಿ ಹುಣಸೆ ಮರದ ಕೊಡತಿ,
ಕಿವಿಯ ಸಂದಿಯಲ್ಲಿ ಅರ್ಧ ಬೀಡಿ,
ಹಿಂದೆ ಸೀಮೆಸುಣ್ಣ ಹಿಡಿದು ನಾನು, ಎಂಟು ವರ್ಷದವಳು.
ಮೂತಿಯಿಂದ ಶುರು. ಗೇಣಿಗೊಂದು ಪೆಟ್ಟು.
ಟಣ್. ಟಣ್. ಟಣ್.
ಹೆಬ್ಬಲಸಿನ ಹಲಗೆ ಮರ್ಯಾದಸ್ಥರ ಹಾಗೆ,
ಕೇಳಿದ್ದಕ್ಕಷ್ಟೇ ಉತ್ತರ.
ಹತ್ತಿ ರಾಳ ತುಂಬಿದ ಸಂದಿಯಲ್ಲಿ ಕೊಂಚ ಗಂಟಲು ಕಟ್ಟುತ್ತದೆ,
ಅದು ಪರವಾಗಿಲ್ಲ.
ಟಣ್. ಟಣ್.
ಬೊದ್.
"ಸ್ವರ ಬಿತ್ತು. ಹಾಕು."
ನಾನು ಅಲ್ಲೊಂದು ಸೊನ್ನೆ ಬರೆಯುತ್ತಿದ್ದೆ.

ಮೇಲೆ ಹೊಸ ನೀಲಿ ಬಣ್ಣ, ನಂಬರು, ತಾಂಡೇಲನ ಮಗಳ ಹೆಸರು.
ಉಳಿ ಇಳಿಸಿದರೆ ಒಳಗೆ ಹುಳುವಿನ ಓಣಿ,
ಹಬ್ಬಕ್ಕೆ ಸುಣ್ಣ ಬಳಿದಷ್ಟು ಬೆಳ್ಳಗೆ,
ನನ್ನ ಕಿರುಬೆರಳು ಹೋಗುವಷ್ಟು ಅಗಲ.

ಬಡಿಯುವುದು ಅವನಿಗೆ ಚಟ.
ಚಿರೇಕಲ್ಲಿನ ಗೋಡೆ ಪೆಟ್ಟನ್ನು ಕುಡಿದು ಸುಮ್ಮನಾಗುತ್ತದೆ,
"ಮೈತುಂಬ ಬಾಯಿ ನೋಡು, ಮಾತಾಡೂಕೆ ಒಂದೂ ಇಲ್ಲ" ಎನ್ನುವನು.
ಐಸ್ ಪ್ಲಾಂಟಿನೆದುರು ಮಂಜಿನ ಅಚ್ಚಿಗೊಂದು ಗೆಣ್ಣು:
"ಒಳಗೆ ಇನ್ನೂ ನೀರು ಎಚ್ಚರ ಇದೆ, ಇಳಿಸಬೇಡ."
ದೊಡ್ಡಮ್ಮ ಹೊಳೆಯಿಂದ ತಂದ ಬಳಚನ್ನು
ಒಂದಕ್ಕೊಂದು ತಾಗಿಸಿ ಬೇರೆ ಮಾಡುವಳು:
ಜೀವ ಇದ್ದದ್ದು ಕಲ್ಲಿನ ಹಾಗೆ,
ಕೆಸರು ತುಂಬಿದ್ದು ಸುಳ್ಳಿನ ಹಾಗೆ.
ಆ ವಿದ್ಯೆ ಯಾರು ಯಾರಿಗೆ ಕಲಿಸಿದ್ದು ಎಂದು
ಮನೆಯಲ್ಲಿ ಎಂದೂ ಇತ್ಯರ್ಥವಾಗಲಿಲ್ಲ.
ನನ್ನ ತಲೆಯ ಮೇಲೂ ಒಮ್ಮೆ ಬಡಿದು ನೋಡಿದ,
"ಎಳೆಕಾಯಿ. ಬರೀ ನೀರು."

ಅರವತ್ತೆರಡಕ್ಕೆ ಬಲಗಿವಿ ಹೋಯಿತು.
ದಸರೆಯೊಳಗೆ ಎಡಗಿವಿಯೂ ಮುಕ್ಕಾಲು.
"ದಕ್ಕೆಯಲ್ಲಿ ಹೇಳಬೇಡ ಮಗಾ."
ಉಳಿಯ ತುದಿಯನ್ನು ಹಲಗೆಗೆ ಆನಿಸಿ
ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ
ಕೊಡತಿ ಬೀಸತೊಡಗಿದ. ದವಡೆಯಲ್ಲಿ ಕೇಳುತ್ತದಂತೆ.
ಜನ ಇದೇನೋ ಹೊಸ ವಿದ್ಯೆ ಎಂದುಕೊಂಡು
ಕೂಲಿಗೆ ಐವತ್ತು ಸೇರಿಸಿದರು.

ಆಮೇಲೆ ಉಮಾಕಾಂತ ಅಂಬಿಗ ಫೈಬರ್ ತಂದ.
ಬಿಳಿ, ನುಣುಪು, ಸಂದಿಯಿಲ್ಲ, ಹುಳುವಿಗೆ ಬೇಡ.
ದೊಡ್ಡಪ್ಪ ಮೂತಿಯಿಂದ ಹಿಂಬದಿಯವರೆಗೂ ಬಡಿದ.
ಡಬ್. ಡಬ್. ಡಬ್. ಡಬ್.
ಬಾಯಿಂದ ಉಳಿ ತೆಗೆದು ಒರೆಸಿಕೊಂಡ.
"ಇದಕ್ಕೆ ಮಾತಾಡೂಕೆ ಬರೂದಿಲ್ಲ."
ನಾಲ್ಕು ಜೂನ್ ಹೋದವು. ಯಾರೂ ಕರೆಯಲಿಲ್ಲ.

ಐದನೆಯದರಲ್ಲಿ ಉಮಾಕಾಂತ ಬಂದ,
ನಾನು ಡೀಸೆಲ್ ಚೀಟಿ ಬರೆಯುವ ಸೊಸೈಟಿಯ ಕಿಟಕಿಗೆ.
ದೋಣಿ ನೀರು ಕುಡಿಯುತ್ತಿದೆ, ಬಿರುಕು ಕಾಣುವುದಿಲ್ಲ.
"ಅವರನ್ನು ಕರೆಯಲು ನಾಚಿಕೆ. ನೀನಾದರೂ."

ಹೋದೆ. ದೊಡ್ಡಪ್ಪನೂ ಬಂದ,
ಮೀನಿನ ಕ್ರೇಟು ಕವುಚಿ ಕೂತ, ಮುಖ ಹೊಳೆಯ ಕಡೆಗೆ.
ಕೊಡತಿ ಎತ್ತಿದೆ. ಡಬ್. ಇದು ದೊಡ್ಡ ಮಾತಾಯಿತು ಎನಿಸಿತು,
ಮಗುವನ್ನು ಗದರಿಸಿ ನೋವೆಲ್ಲಿ ಎಂದು ಕೇಳಿದ ಹಾಗೆ.
ಉಮಾಕಾಂತನ ಹತ್ತಿರ ಎರಡು ರೂಪಾಯಿ ಇಸಿದುಕೊಂಡೆ.
ನಾಣ್ಯದ ಅಂಚಿನಿಂದ, ಮೆಲ್ಲಗೆ,
ಟಿಕ್ ಟಿಕ್ ಟಿಕ್ ಟಿಕ್
ಇಂಜಿನ್ನಿನ ಪೀಠ ದಾಟಿ, ಬಲಕ್ಕೆ,
ಟಿಕ್ ಟಿಕ್
ತಪ್.

ಪದರ ಪದರದಿಂದ ಬಿಟ್ಟಿತ್ತು. ನಡುವೆ ಅಂಗೈಯಗಲ ಖಾಲಿ.
ನಾನು ಯಾರಿಗೂ ಹೇಳಿರಲಿಲ್ಲ.
ತಿರುಗಿದರೆ ದೊಡ್ಡಪ್ಪ ಬೆನ್ನ ಹಿಂದೆಯೇ ನಿಂತಿದ್ದಾನೆ,
ಏನೂ ಕೇಳದವನು.
"ನಿನ್ನ ಕೈ ನಿಂತಿತು" ಎಂದ,
"ಸೀಮೆಸುಣ್ಣ ಕೊಡು."
ಬಿಳಿಯ ಮೇಲೆ ಬಿಳಿ. ಸೊನ್ನೆ ಕಾಣಲೇ ಇಲ್ಲ.
ಕಿವಿಯ ಸಂದಿಯ ಬೀಡಿ ಹಚ್ಚಿ
ಅದರ ಮಸಿಯಲ್ಲಿ ಬರೆದ.

ಎರಡು ರೂಪಾಯಿ ಉಮಾಕಾಂತ ವಾಪಸು ಕೇಳಲಿಲ್ಲ.
ನನ್ನ ಹತ್ತಿರವೇ ಇದೆ.
ಅಂಚು ಒಂದು ಕಡೆ ಸವೆದಿದೆ.