ಕಡ ತಂದ ಹತ್ತು

ಚಳ್ಳಕೆರೆಯಿಂದ ಅರ್ಧ ಗಂಟೆ, ಬಸ್ಸಿಳಿದು
ಜಾಲಿಗಿಡಗಳ ನಡುವೆ ಇನ್ನೊಂದಿಷ್ಟು ನಡಿಗೆ.
ಮಾರ್ಚ್ ಇಪ್ಪತ್ತೊಂಬತ್ತು. ಬಗಲಲ್ಲಿ ಕಡತ.
ನಾನು ಲೆಕ್ಕ ತಪಾಸಣೆಯವನು. ಮಕ್ಕಳು
ಸೂಜಿ ಡಾಕ್ಟರೆಂದು ತಿಳಿದು ತೋಳು ಮುಚ್ಚಿಕೊಂಡರು.

ನಾಲ್ಕು, ಐದನೇ ತರಗತಿಗೆ ಬಂದರೂ
ಕಳೆಯುವ ಲೆಕ್ಕ ಬಾರದವರಿಗೆ,
ಒತ್ತಕ್ಷರ ಕಂಡೊಡನೆ ನಿಂತುಬಿಡುವವರಿಗೆ
ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಪರಿಹಾರ ಬೋಧನೆ.
ಪರಿಹಾರ: ನೆರೆಗೆ ಮನೆ ಬಿದ್ದವರಿಗೆ ಕೊಡುವ ಮಾತನ್ನೇ
ಇವರಿಗೂ ಕೊಟ್ಟಿದ್ದಾರೆ.

ಮಂಜೂರಾದದ್ದು ಒಂಬತ್ತು ಸಾವಿರದ ಮುನ್ನೂರು.
ಮಕ್ಕಳು ಮೂವತ್ತೊಂದು.
ತಲೆಗೆ ಮುನ್ನೂರು ಎಂದು ಬರೆದುಕೊಂಡೆ.
ತಲೆಗೆ ಹತ್ತಿದ್ದೆಷ್ಟು?
ಆ ಕಾಲಂ ನಮ್ಮ ನಮೂನೆಯಲ್ಲಿಲ್ಲ.

ಉದ್ಘಾಟನೆಯ ಫ್ಲೆಕ್ಸಿಗೆ ರಸೀದಿ ಇದೆ,
ಎರಡು ಸಾವಿರದ ನಾನೂರು, ತೆರಿಗೆ ಸಹಿತ, ಅಚ್ಚುಕಟ್ಟು.
ಅದೇ ಫ್ಲೆಕ್ಸನ್ನು ಹಾಸಿಕೊಂಡು ಮಕ್ಕಳು ಕೂತಿದ್ದರು
ಗಣ್ಯರ ನಗುಮುಖಗಳ ಮೇಲೆ.
ಜಮಖಾನದ ಖರ್ಚು ಉಳೀತಲ್ಲ ಸಾರ್, ಅಂದರು ಶಾಹಿದಾ ಮಿಸ್ಸು.
ಎಣಿಸಲು ಹುಣಸೆಬೀಜ, ಎರಡು ಡಬ್ಬಿ ತುಂಬ.
ಬಿಲ್ಲೆಲ್ಲಿ? ಮರದ್ದು ಸಾರ್.
ಯಾರ ಮರ ಎಂದೂ ಕೇಳಿದೆ. ಕೇಳಬೇಕು ನಾವು.
ಅವರ ಗೌರವಧನ ನಾಲ್ಕು ತಿಂಗಳಿಂದ ಬಂದಿಲ್ಲ.
ಅದನ್ನು ಅವರು ಹೇಳಲಿಲ್ಲ, ಕಡತ ಹೇಳಿತು.

ಹಿಂದೆ ಕೂತವನು ಗಾದ್ರೆಪ್ಪ,
ಎರಡು ವರ್ಷ ತನ್ನನ್ನು 'ಗಾದರೆಪ' ಎಂದೇ ಬರೆದುಕೊಂಡವನು.
ಈ ಜನವರಿಯಲ್ಲಿ ಒತ್ತುಗಳು ಬಂದವಂತೆ, ಮೊದಲು ಪಕಾರದ್ದು,
ವಾರ ಬಿಟ್ಟು ರಕಾರದ್ದು.
ಮುನ್ನೂರನ್ನು ಎರಡರಿಂದ ಭಾಗಿಸಿದೆ, ಅಭ್ಯಾಸಬಲ:
ಒತ್ತಿಗೆ ನೂರೈವತ್ತು.
ದುಬಾರಿಯೋ ಅಗ್ಗವೋ ತಿಳಿಯಲಿಲ್ಲ.

ಬೋರ್ಡಿನ ಮುಂದೆ ಸಿರಿಯಕ್ಕ.
ನಾನೂರರಲ್ಲಿ ನೂರ ಅರವತ್ತೆಂಟು ಕಳೆಯಬೇಕು.
"ಸೊನ್ನೇಲಿ ಎಂಟು ಹೋಗಲ್ಲ ಮಿಸ್."
"ಪಕ್ಕದ ಮನೇಲಿ ಕೇಳು."
"ಅಲ್ಲೂ ಸೊನ್ನೆ ಐತೆ."
"ಅದರಾಚೆ ಮನೆ?"
ನಾಲ್ಕರ ಬಾಗಿಲು ತಟ್ಟಿದಳು. ಅದು ಒಂದು ಕೊಟ್ಟು ಮೂರಾಯಿತು.
ನಡುಮನೆಗೆ ಬರುವಾಗ ಆ ಒಂದು ಹತ್ತು.
ಹತ್ತರಲ್ಲಿ ಒಂದನ್ನು ಮುಂದೆ ದಾಟಿಸಿ
ಒಂಬತ್ತನ್ನು ತಾನೇ ಇಟ್ಟುಕೊಂಡಿತು ನಡುಮನೆ.
ನನಗೆ ನಗು ಬಂತು. ನಮ್ಮ ದುಡ್ಡು ಬರುವ ದಾರಿಯೇ ಇದು:
ದೆಹಲಿ, ಬೆಂಗಳೂರು, ದುರ್ಗ, ಚಳ್ಳಕೆರೆ.
ಆದರೆ ಅವಳ ಲೆಕ್ಕದಲ್ಲಿ ದಾಟಿದ ಆ ಒಂದು
ಕೊನೆಯ ಮನೆ ಮುಟ್ಟುವಾಗ ಮತ್ತೆ ಹತ್ತಾಗುತ್ತದೆ.

ಸೀಮೆಸುಣ್ಣ ಹಿಡಿದೇ ತಿರುಗಿದಳು:
"ಕಡ ತಂದಿದ್ದು ವಾಪಸ್ ಕೊಡೋದು ಯಾವಾಗ ಮಿಸ್?"
ಮಿಸ್ಸು ನನ್ನ ಕಡೆ ನೋಡಿದರು.
ನಾನು ವೋಚರುಗಳನ್ನು ತಿರುವಿದೆ.

ಬಸ್ಸಿಗೆ ಕಾಯುತ್ತ ಚಹಾ. ಎಣ್ಣೆ ಮಿಲ್ಲಿನ ಪಂಪಣ್ಣ
ಕಡತದ ಮೇಲಿನ ಹೆಸರು ಓದಿ ಕೇಳಿದ:
"ಓದು ಹತ್ತದವಕ್ಕೆ ಸರ್ಕಾರ ದುಡ್ಡು ಸುರಿದರೆ ಏನ್ ಬಂತು?
ಹಿಂಡಿ ಹಿಂಡಿದರೆ ಎಣ್ಣೆ ಬರುತ್ತಾ?"
ಬರುತ್ತದೆ. ಇವನ ಮಿಲ್ಲಿನ ಹಿಂಡಿಯನ್ನೇ ಲಾರಿಗಟ್ಟಲೆ ಕೊಂಡು
ಇನ್ನೊಮ್ಮೆ ಎಣ್ಣೆ ತೆಗೆಯುವವರಿದ್ದಾರೆ, ಅವನಿಗೂ ಗೊತ್ತು.
ಅಷ್ಟು ಹೇಳಿದೆ. ನಕ್ಕ. ನನ್ನ ಚಹಾದ ದುಡ್ಡೂ ಕೊಟ್ಟ.
ಮಕ್ಕಳು ಹಿಂಡಿಯಲ್ಲ ಎನ್ನಬೇಕಿತ್ತು.
ಬಸ್ಸು ಅರ್ಧ ದಾರಿ ಬಂದ ಮೇಲೆ ಹೊಳೆಯಿತು.

ರಾತ್ರಿ ಆಫೀಸಿನಲ್ಲಿ ಕೂತು ಬರೆದೆ.
ಹುಣಸೆಬೀಜ: ರಸೀದಿ ಇಲ್ಲ, ವಿವರಣೆ ಕೇಳುವುದು.
ಫ್ಲೆಕ್ಸ್: ಆಕ್ಷೇಪಣೆ ಇಲ್ಲ.
ತಿಂಗಳ ಕೊನೆಗೆ ಉಳಿಕೆ ಸೊನ್ನೆಯಾಗಿರಬೇಕು, ನಿಯಮ.
ಸೊನ್ನೆ ಬರೆದೆ, ದುಂಡಗೆ.

ಬೋರ್ಡಿನ ಮೇಲೆ ಅವಳಿಗೆ ಉಳಿದದ್ದು
ಇನ್ನೂರ ಮೂವತ್ತೆರಡು.
ಕಡತದ ಬೆನ್ನಿಗೆ ನಾನೂ ಮಾಡಿ ನೋಡಿದೆ,
ಎರಡು ಸಲ.
ಸರಿ ಇದೆ.