ಹನ್ನೆರಡಾಣೆ

ಮಾರಿತ್ ಡಾಕ್ಟ್ರೇ, ನಾರ್ವೆಯಿಂದ
ಸಾಗರದ ಆಸ್ಪತ್ರೆಗೆ ಬಂದು ಮೂರೇ ದಿನ,
ನಗುವ, ಅಳುವ ಮುಖಗಳ ಕಾರ್ಡು ಹಿಡಿದು
ಗುತ್ಯಮ್ಮನ ಮಂಚದ ಬದಿ ನಿಂತಿರಿ:
ಒಂದರಿಂದ ಹತ್ತರೊಳಗೆ ನೋವೆಷ್ಟು?
ಅವಳು ಕಾರ್ಡು ತಿರುವಿ, ಹಿಂಬದಿ ನೋಡಿ,
'ಚೆಂದ ಐತೆ, ಯಾರ ಮಕ್ಳು?' ಅಂದಳು.

ಇಪ್ಪತ್ತೆರಡು ವರ್ಷ ಸರ್ವಿಸಿನ ನರ್ಸು ನಾನು, ಫಿಲೋಮಿನಾ,
ತರ್ಜುಮೆ ಮಾಡಿದೆ: 'ಹೆಂಗಿದೀಯ ಗುತ್ಯಮ್ಮಾ?'

'ಮಂಗನ ಜ್ವರ ಹನ್ನೆರಡಾಣೆ ವಾಸಿ.
ಉಳಿದ ನಾಲ್ಕಾಣೆ ಕೊಟ್ಟಿಗೇಲೈತೆ,
ಎಮ್ಮೆ ಕರೆಯೋರು ಗತಿಯಿಲ್ಲ.'

ನೀವು ಬೆರಳು ಮಡಚಿ ಲೆಕ್ಕ ಹಾಕಿ
ಎರಡೂವರೆ ಎಂದು ಬರೆದಿರಿ.
ಆಮೇಲೆ ಹೊಡೆದುಹಾಕಿದಿರಿ.

ಮಧ್ಯಾಹ್ನ, ಗಂಜಿ ಹಂಚುವ ಹೊತ್ತಿಗೆ,
ಅದೇ ಕಾಗದದ ಅಂಚಿನಲ್ಲಿ
ನಿಮ್ಮ ಕೈಯ ಸೊಟ್ಟ ಕನ್ನಡ: 'ಎಮೆ'.
ಡ್ರಿಪ್ಪು ಬದಲಿಸಿ ಬಂದು
ಒತ್ತು ನಾನು ಕೊಟ್ಟೆ.